ಬುಧವಾರದ ಇಪ್ಪತ್ತು ಡಾಲರ್: ಈ ವಾರ ಯಾವ ಕಾಮಿಕ್ಸ್ ತರೋಣ?

ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು ಮೊನ್ನೆ ಕಾಮಿಕ್ಸ್ ಅಂಗಡಿಯೊಳಗಿಂದಲೇ ವಿಡಿಯೊ ಕಾಲ್ ಮಾಡಿದ್ದಳು. ಅವಳಿಗೆ ಬುಧವಾರದ ಮಧ್ಯಾಹ್ನ, ನನಗೆ ಬೆಂಗಳೂರಲ್ಲಿ ರಾತ್ರಿ ಒಂದೂವರೆ. "ಮಾಮಾ, ಗೋಡೆ ತುಂಬಾ ಹೊಸ ಹೊಸದೇ ಇದೆ. ನನ್ನ ಹತ್ರ ಇಪ್ಪತ್ತು ಡಾಲರ್ ಇದೆ ಅಷ್ಟೇ. ಏನ್ ತಗೊಳ್ಳಲಿ?" ಅಂತ ಕೇಳಿ ಫೋನನ್ನು ಗೋಡೆಯ ಉದ್ದಕ್ಕೂ ಹಾಯಿಸಿದಳು. ಮೇಲಿನ ಸಾಲಿನಲ್ಲಿ ಬ್ಯಾಟ್‌ಮ್ಯಾನ್ ಒಬ್ಬನೇ ಐದು ಬಗೆಯ ಮುಖಪುಟಗಳಲ್ಲಿ ನಿಂತಿದ್ದ. ಐದೂ ಒಂದೇ ಸಂಚಿಕೆ, ಒಳಗಿನ ಕಥೆಯೂ ಒಂದೇ ಎಂದಾಗ ಅವಳಿಗೆ ಆಶ್ಚರ್ಯ. ಕೆಳಗೆ ಮೊಣಕಾಲಿನ ಎತ್ತರದಲ್ಲಿ, ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟ ದಪ್ಪ ಸಂಪುಟಗಳ ಕಡೆ ಅವಳು ಕ್ಯಾಮೆರಾ ತಿರುಗಿಸಿರಲೇ ಇಲ್ಲ. ನಾನು ಹೇಳಬೇಕಾದ್ದರಲ್ಲಿ ಅರ್ಧ ಆ ಕೆಳಗಿನ ಸಾಲಿನಲ್ಲಿತ್ತು.

ಆ ಹೊತ್ತಿನಲ್ಲಿ ಒಂದು ಹೆಸರು ಹೇಳಿ ಫೋನಿಟ್ಟೆ. ಪೂರ್ತಿ ಉತ್ತರ ಈಗ ಬರೆಯುತ್ತಿದ್ದೇನೆ. ಹೊರದೇಶದಲ್ಲಿದ್ದು ವಾರವಾರ ಅಂಗಡಿಗೆ ಹೋಗಬಲ್ಲವರಿಗೂ, ಇಲ್ಲೇ ಇದ್ದು ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಆರಿಸಿಕೊಳ್ಳಬೇಕಾದವರಿಗೂ ಇದು ಉಪಯೋಗಕ್ಕೆ ಬರಬಹುದು. ಯಾವ ಸರಣಿ ಎನ್ನುವುದಕ್ಕೆ ಮುಂಚೆ ಯಾವ ರೂಪದಲ್ಲಿ ಓದುತ್ತೀರಿ ಎಂದು ತೀರ್ಮಾನಿಸಿಕೊಳ್ಳಿ. ಒಳ್ಳೆಯ ಕಥೆ ತಪ್ಪು ರೂಪದಲ್ಲಿ ಕೈಗೆ ಬಂದು ರುಚಿ ಕೆಟ್ಟದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಇಪ್ಪತ್ತು ಡಾಲರಿಗೆ ಏನೇನು ಬರುತ್ತದೆ

ಬಿಡಿ ಸಂಚಿಕೆ ಎಂದರೆ ಎರಡು ಪಿನ್ ಹೊಡೆದ ತೆಳ್ಳನೆಯ ಪುಸ್ತಕ. ಕಥೆಯ ಪುಟಗಳು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೆರಡು, ಮಿಕ್ಕಿದ್ದು ಜಾಹೀರಾತು. ಈಗ ಒಂದಕ್ಕೆ 4ರಿಂದ 5 ಡಾಲರ್. ಅಲ್ಲಿಗೆ ನಾಲ್ಕು ಸಂಚಿಕೆಗೆ ದುಡ್ಡು ಮುಗಿಯಿತು. ಒಂದೊಂದನ್ನು ಓದಲು ಕಾಲು ಗಂಟೆ ಸಾಕು, ನಾಲ್ಕೂ ಸೇರಿ ಒಂದು ಗಂಟೆಯ ಓದು. ಅದೇ ದುಡ್ಡಿಗೆ ಸ್ವಲ್ಪ ಹೆಚ್ಚೋ ಕಡಿಮೆಯೋ ಹಾಕಿದರೆ ಐದಾರು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ಒಂದು ಸಂಪುಟ ಬರುತ್ತದೆ, ಜಾಹೀರಾತಿಲ್ಲದೆ.

ಮೂರನೆಯದು ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ಬ್ಯಾಟ್‌ಮ್ಯಾನ್ ಕಾಮಿಕ್ಸ್ ತರುವ ಡಿಸಿ ಕಂಪನಿ 2024ರ ಜೂನ್‌ನಿಂದ 'ಕಾಂಪ್ಯಾಕ್ಟ್ ಕಾಮಿಕ್ಸ್' ಎಂದು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಟ್ಟ ಪುಸ್ತಕಗಳನ್ನು 9.99 ಡಾಲರಿಗೆ ತರುತ್ತಿದೆ. ನಮ್ಮ ಕಾದಂಬರಿಗಳ ಅಳತೆ ಅನ್ನಿ. ಹೆಚ್ಚಿನವುಗಳಲ್ಲಿ ಹತ್ತು ಹನ್ನೆರಡು ಸಂಚಿಕೆಗಳ ಪೂರ್ತಿ ಕಥೆ ಒಂದೇ ಪುಸ್ತಕದಲ್ಲಿ. ಇಪ್ಪತ್ತು ಡಾಲರಿಗೆ ಇಂಥವು ಎರಡು. ಲೆಕ್ಕ ಹಾಕಿದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಆದರೂ ಕಾಂಪ್ಯಾಕ್ಟ್ ಎಲ್ಲದಕ್ಕೂ ಒಗ್ಗುವುದಿಲ್ಲ. ಸಾಮಾನ್ಯ ಕಾಮಿಕ್ಸ್ ಪುಟಕ್ಕಿಂತ ಇದು ಸಾಕಷ್ಟು ಚಿಕ್ಕದು, ಅಕ್ಷರವೂ ಅದಕ್ಕೆ ತಕ್ಕಂತೆ ಕುಗ್ಗಿರುತ್ತದೆ. 'ವಾಚ್‌ಮೆನ್' ಎಂಬ ಹೆಸರಾಂತ ಕಾಮಿಕ್ಸ್ ಈ ರೂಪದಲ್ಲಿದೆ, ಆದರೆ ಅದರ ಪುಟ ಒಂಬತ್ತು ಚೌಕಗಳ ಜಾಲರಿ. ಚೌಕದೊಳಗೆ ಮಾತು, ಮಾತಿನ ಹಿಂದೆ ಗೋಡೆಯ ಮೇಲಿನ ಬರಹ, ಅದರ ಹಿಂದೆ ಇನ್ನೇನೋ. ನಲವತ್ತು ದಾಟಿದ ಕಣ್ಣಿಗೆ ಅದು ಶಿಕ್ಷೆ. ಅದನ್ನು ದೊಡ್ಡ ಅಳತೆಯಲ್ಲೇ ಓದಿ. ಕಾಂಪ್ಯಾಕ್ಟ್‌ನಲ್ಲಿ ಕೊಳ್ಳುವುದಾದರೆ 'ಬ್ಯಾಟ್‌ಮ್ಯಾನ್: ದಿ ಕೋರ್ಟ್ ಆಫ್ ಔಲ್ಸ್' ತೆಗೆದುಕೊಳ್ಳಿ. ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲೊ ಚಿತ್ರ ಮಾಡಿದ ಈ ಕಥೆಯ ಐದನೇ ಅಧ್ಯಾಯದಲ್ಲಿ ಬ್ಯಾಟ್‌ಮ್ಯಾನ್ ಒಂದು ಚಕ್ರವ್ಯೂಹದಂಥ ಜಾಗದಲ್ಲಿ ಸಿಕ್ಕಿಬೀಳುತ್ತಾನೆ. ದಿನಗಳು ಕಳೆದಂತೆ ಅವನ ತಲೆ ಕೆಡುತ್ತಾ ಹೋಗುತ್ತದೆ. ಅವನ ತಲೆ ತಿರುಗಿದ ಹಾಗೆ ಪುಟವೂ ತಿರುಗುತ್ತದೆ. ಮೊದಲು ಚೌಕಗಳು ಅಡ್ಡ ಮಲಗುತ್ತವೆ, ಆಮೇಲೆ ಪೂರ್ತಿ ತಲೆಕೆಳಗು. ಓದುವವರು ಪುಸ್ತಕವನ್ನೇ ಕೈಯಲ್ಲಿ ಸುತ್ತಿಸಬೇಕು. ಸುತ್ತಿಸುತ್ತಾ ಸುತ್ತಿಸುತ್ತಾ ಯಾವ ಕಡೆ ಪುಟ ಮಗುಚಬೇಕು ಎನ್ನುವುದೇ ಮರೆತು ಹೋಗುತ್ತದೆ, ಆಗ ನಾವೂ ಅವನ ಜೊತೆ ಒಳಗೆ ಸಿಕ್ಕಿಕೊಂಡಿದ್ದೇವೆ ಎಂದು ಗೊತ್ತಾಗುತ್ತದೆ. ಈ ಆಟಕ್ಕೆ ಪುಟ್ಟ ಪುಸ್ತಕ ಹೇಳಿ ಮಾಡಿಸಿದಂತಿದೆ. ಫೋನಿನಲ್ಲಿ ಓದಿದರೆ ಚಿತ್ರ ತಿರುಗಿಸಿದ ಹಾಗೆಲ್ಲ ಪರದೆಯೂ ತಿರುಗಿ ನೇರ ನಿಂತುಬಿಡುತ್ತದೆ, ಅಲ್ಲಿಗೆ ಕಥೆ ಮುಗಿಯಿತು!

ಹಾಗಾದರೆ ಬಿಡಿ ಸಂಚಿಕೆ ಯಾರಾದರೂ ಯಾಕೆ ಕೊಳ್ಳಬೇಕು? ಕಾಯುವ ಸುಖಕ್ಕೆ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಪುಟದ ಕೊನೆಗೆ ಬಂದು 'ಮುಂದುವರಿಯುವುದು' ಎಂಬ ಒಂದು ಪದ ಕಂಡಾಗ ಹೊಟ್ಟೆಯಲ್ಲಿ ಏನಾಗುತ್ತಿತ್ತೋ ಅದು. ಬಾಲಮಂಗಳದಲ್ಲಿ ಡಿಂಗನನ್ನು ಓದುತ್ತಿದ್ದ ಕಾಲದಲ್ಲಿ ಮುಂದಿನ ಸಂಚಿಕೆ ಬರುವ ತನಕ ನಾವು ಮೂರು ಜನ ಗೆಳೆಯರು ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತು ಮುಂದೇನಾಗಬಹುದೆಂದು ನಾವೇ ಕಥೆ ಕಟ್ಟುತ್ತಿದ್ದೆವು. ಒಂದು ತಿಂಗಳು ಒಂದು ಕಥೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡುವುದು ಬೇರೆಯೇ ಓದು. ಸಂಪುಟವನ್ನು ಒಂದೇ ಗುಕ್ಕಿಗೆ ಓದಿದವರಿಗೆ ಅದು ಸಿಗುವುದಿಲ್ಲ.

ಆದ್ದರಿಂದ ನನ್ನ ಪದ್ಧತಿ ಹೀಗೆ: ಎರಡು ಸರಣಿ ಮಾತ್ರ ಬಿಡಿ ಸಂಚಿಕೆಯಲ್ಲಿ, ಉಳಿದದ್ದೆಲ್ಲ ಸಂಪುಟದಲ್ಲಿ. ಯಾವ ಎರಡು ಎಂಬುದಕ್ಕೆ ಈಗ ಬರೋಣ.

ಹೊಸ ಮನೆ ಕಟ್ಟಿದ ಇಬ್ಬರು

ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಅಷ್ಟು ವರ್ಷಗಳ ಕಥೆ ಒಂದರ ಮೇಲೊಂದು ಪೇರಿಸಿ ನಿಂತಿದೆ. ಹೊಸಬರು ಒಂದು ಸಂಚಿಕೆ ಎತ್ತಿಕೊಂಡರೆ ಯಾರು ಸತ್ತಿದ್ದರು, ಯಾರು ಬದುಕಿ ಬಂದರು, ಇವನ ಮಗ ಯಾವಾಗ ಹುಟ್ಟಿದ ಎಂದು ಕೇಳುವಷ್ಟರಲ್ಲೇ ಪುಟ ಮುಗಿದಿರುತ್ತದೆ. ಅದಕ್ಕೇ ಬ್ಯಾಟ್‌ಮ್ಯಾನ್‌ನ ಡಿಸಿ, ಸ್ಪೈಡರ್‌ಮ್ಯಾನ್‌ನ ಮಾರ್ವೆಲ್, ಈ ಎರಡೂ ದೊಡ್ಡ ಕಂಪನಿಗಳು ಹಳೆಯ ಮನೆಯನ್ನು ಹಾಗೇ ಬಿಟ್ಟು ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿದವು. ಮಾರ್ವೆಲ್‌ನ 'ಅಲ್ಟಿಮೇಟ್' ಸರಣಿಗಳು 2024ರ ಜನವರಿಯಲ್ಲಿ, ಡಿಸಿಯ 'ಅಬ್ಸಲ್ಯೂಟ್' ಸರಣಿಗಳು ಅದೇ ವರ್ಷ ಅಕ್ಟೋಬರಿನಲ್ಲಿ ಶುರುವಾದವು. ಎರಡೂ ಒಂದನೇ ಸಂಖ್ಯೆಯಿಂದ, ಎರಡೂ ಮೊದಲ ಪುಟದಿಂದ. ಹಿಂದಿನದೇನೂ ಓದಿರಬೇಕಿಲ್ಲ.

ಮೇಲ್ನೋಟಕ್ಕೆ ಒಂದೇ ಉಪಾಯ, ಒಳಗೆ ಮಾತ್ರ ಬೇರೆ ಬೇರೆ. ಅಲ್ಟಿಮೇಟ್ ಜಗತ್ತಿನಲ್ಲಿ ಒಬ್ಬ ದುಷ್ಟ, ನಾಯಕರು ನಾಯಕರಾಗುವುದಕ್ಕೆ ಮುಂಚೆಯೇ ಅವರ ಹಣೆಬರಹ ಕದ್ದುಬಿಟ್ಟಿದ್ದಾನೆ. ಜೇಡ ಕಚ್ಚಬೇಕಾದ ಹುಡುಗನಿಗೆ ಜೇಡ ಕಚ್ಚಲೇ ಇಲ್ಲ. ಅಬ್ಸಲ್ಯೂಟ್ ಜಗತ್ತಿನಲ್ಲಿ ನಾಯಕರು ನಾಯಕರಾಗುತ್ತಾರೆ, ಆದರೆ ಅವರಿಗೆ ಆಸರೆಯಾಗಿದ್ದದ್ದನ್ನು ಕಿತ್ತುಕೊಂಡಿದ್ದಾರೆ. ಬ್ಯಾಟ್‌ಮ್ಯಾನ್‌ಗೆ ದುಡ್ಡಿಲ್ಲ, ವಂಡರ್ ವುಮನ್‌ಗೆ ತನ್ನ ದ್ವೀಪವಿಲ್ಲ, ಸೂಪರ್‌ಮ್ಯಾನ್‌ನ ಬಾಲ್ಯ ಭೂಮಿಯ ಹೊಲದ ನಡುವೆ ಕಳೆದದ್ದಲ್ಲ. ಒಂದು ಕಡೆ 'ಆಗಬೇಕಾದ್ದು ಆಗದೆ ಹೋದರೆ?' ಎಂಬ ಪ್ರಶ್ನೆ, ಇನ್ನೊಂದು ಕಡೆ 'ಏನೂ ಇಲ್ಲದೆಯೂ ಆಗಬಹುದಾ?' ಎಂಬ ಪ್ರಶ್ನೆ.

ಅಲ್ಟಿಮೇಟ್‌ನಲ್ಲಿ ಮೊದಲು ಓದಬೇಕಾದ್ದು ಜೊನಾಥನ್ ಹಿಕ್‌ಮನ್ ಬರೆದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'. ಚಿತ್ರ ಮಾರ್ಕೊ ಕೆಕ್ಕೆಟ್ಟೊ ಅವರದು. ಇಲ್ಲಿ ಪೀಟರ್ ಪಾರ್ಕರ್ ಮೂವತ್ತು ದಾಟಿದ ಗೃಹಸ್ಥ. ಹೆಂಡತಿ ಮೇರಿ ಜೇನ್, ಒಬ್ಬ ಮಗ, ಒಬ್ಬಳು ಪುಟ್ಟ ಮಗಳು. ಹಳೆಯ ಕಥೆಯಲ್ಲಿ ಸತ್ತೇಹೋಗಿದ್ದ ಬೆನ್ ಚಿಕ್ಕಪ್ಪ ಇಲ್ಲಿ ಬದುಕಿದ್ದಾನೆ, ಇಲ್ಲದವಳು ಮೇ ಚಿಕ್ಕಮ್ಮ. ಮೊದಲ ಸಂಚಿಕೆಯ ಹೆಚ್ಚಿನ ಪಾಲು ಮನೆ, ಕಚೇರಿ, ಮಾತು. ಆದರೂ ಪೀಟರನ ಮುಖದಲ್ಲಿ ಏನೋ ಕಳೆದುಕೊಂಡವನ ಚಹರೆ. ಏನು ಕಳೆದಿದೆ ಎಂದು ಅವನಿಗೇ ತಿಳಿಯದು. ಕೊನೆಗೆ ಆ ಜೇಡ ಒಂದು ಪೊಟ್ಟಣದಲ್ಲಿ ಅವನ ಕೈಗೆ ಬರುತ್ತದೆ: ಬೇಕಾದರೆ ಕಚ್ಚಿಸಿಕೋ, ಬೇಡವಾದರೆ ಬಿಡು.

ಹಳೆಯ ಕಥೆಯಲ್ಲಿ ಹದಿಹರೆಯದ ಹುಡುಗನಿಗೆ ಅದು ಆಕಸ್ಮಿಕ. ಇಲ್ಲಿ ಹೆಂಡತಿ ಮಕ್ಕಳಿರುವವನು ಯೋಚಿಸಿ ಕೈಯೊಡ್ಡಬೇಕು. ಅರುವತ್ತು ವರ್ಷದ ಹಳೆಯ ಕಥೆಗೆ ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ಹೊಸ ಜೀವ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಲ್ಕನೇ ಸಂಚಿಕೆಯಂತೂ ಬಹುಪಾಲು ಎರಡು ದಂಪತಿಗಳು ಊಟಕ್ಕೆ ಕೂತು ಮಾತಾಡುವುದರಲ್ಲೇ ನಡೆಯುತ್ತದೆ. ಮೇಜಿನ ಈಚೆಯವರಿಗೆ ಗೊತ್ತಿರುವುದೇನು, ಆಚೆಯವರಿಗೆ ಗೊತ್ತಿರುವುದೇನು, ಯಾರು ಏನನ್ನು ಬಚ್ಚಿಡುತ್ತಿದ್ದಾರೆ ಎನ್ನುವುದಷ್ಟೇ ರೋಚಕತೆ. ಸೂಪರ್ ಹೀರೊ ಕಾಮಿಕ್ಸ್ ಎಂದರೆ ಬರೀ ಗುದ್ದಾಟ ಎನ್ನುವವರ ಕೈಗೆ ನಾನು ಕೊಡುವುದು ಇದನ್ನೇ.

ಕೊರತೆಯೂ ಇದೆ. ಕಥೆ ನಿಧಾನ. ಈ ಸರಣಿಯಲ್ಲಿ ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಕಥೆಯೊಳಗೂ ಒಂದು ತಿಂಗಳು ಕಳೆದಿರುತ್ತದೆ, ಅಂದರೆ ನಾವು ಕಾದಷ್ಟೇ ಅವರೂ ಕಾದಿರುತ್ತಾರೆ. ಉಪಾಯ ಚೆಂದವಾಗಿದೆ, ಆದರೆ ಮುಖ್ಯ ಘಟನೆಯೊಂದು ಎರಡು ಸಂಚಿಕೆಗಳ ನಡುವೆ ನಡೆದುಹೋಗಿ ನಮ್ಮ ಕೈಗೆ ಸುದ್ದಿ ಮಾತ್ರ ಸಿಗುವುದೂ ಉಂಟು. ಮೊದಲ ಆರು ಸಂಚಿಕೆಗಳಲ್ಲೇ ಕೆಲವಕ್ಕೆ ಚಿತ್ರಕಾರರು ಬದಲಾಗಿ ಡೇವಿಡ್ ಮೆಸ್ಸಿನಾ ಬರೆದಿದ್ದಾರೆ. ಅವರ ಗೆರೆ ಕೆಟ್ಟದ್ದಲ್ಲ, ಆದರೆ ಕೆಕ್ಕೆಟ್ಟೊ ಅವರ ಮುಖಗಳಿಗೆ ಒಗ್ಗಿದ ಕಣ್ಣಿಗೆ ಸ್ವಲ್ಪ ಎಡವಿದಂತಾಗುತ್ತದೆ. ಹೀಗಾಗಿ ಇದಕ್ಕೆ ಸಂಪುಟವೇ ಸರಿ. ಮೊದಲ ಸಂಪುಟದಲ್ಲಿ ಆರು ಸಂಚಿಕೆಗಳಿವೆ. ಒಂದು ಭಾನುವಾರದ ಮಧ್ಯಾಹ್ನಕ್ಕೆ ಸಾಕು.

'ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ಇದಕ್ಕೆ ಪೂರಾ ಉಲ್ಟಾ. ಬರೆದವರು ಮತ್ತೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ. ಇಲ್ಲಿ ಬ್ರೂಸ್ ವೇನ್ ಅರಮನೆಯ ಹುಡುಗನಲ್ಲ, ಶಾಲಾ ಮೇಷ್ಟರ ಮಗ. ಅಪ್ಪ ಸತ್ತದ್ದು ಮೃಗಾಲಯದಲ್ಲಿ ನಡೆದ ಗುಂಡಿನ ದಾಳಿಯಲ್ಲಿ, ಅಮ್ಮ ಬದುಕಿದ್ದಾಳೆ. ಅವನು ಊರಿನ ಎಂಜಿನಿಯರ್. ಸೇತುವೆ, ಚರಂಡಿ, ಕಟ್ಟಡಗಳ ಒಳಗುಟ್ಟು ಬಲ್ಲವನು. ಮುಂದೆ ಶತ್ರುಗಳಾಗಬೇಕಾದವರು ಇಲ್ಲಿ ಅವನ ಬಾಲ್ಯದ ಗೆಳೆಯರು, ಒಟ್ಟಿಗೆ ಇಸ್ಪೀಟಾಡಿ ಬೆಳೆದವರು. ದುಡ್ಡಿಲ್ಲದ ಬ್ಯಾಟ್‌ಮ್ಯಾನ್ ಹೇಗಿರುತ್ತಾನೆ? ಡ್ರಗೋಟಾ ಅವನನ್ನು ಬಾಗಿಲಿನಲ್ಲಿ ಹಿಡಿಸದಷ್ಟು ದೊಡ್ಡ ದೇಹದವನಾಗಿ ಬರೆದಿದ್ದಾರೆ. ಎದೆಯ ಮೇಲಿನ ಬಾವಲಿ ಚಿಹ್ನೆ ನೋಡಿ: ಉಳಿದೆಲ್ಲ ಬ್ಯಾಟ್‌ಮ್ಯಾನ್‌ಗಳಿಗೆ ಅದು ಅಲಂಕಾರ, ಇವನಿಗೆ ಅದು ಕೊಡಲಿಯ ಅಲಗು. ಬೇಕಾದಾಗ ಎದೆಯಿಂದ ಕಿತ್ತು ಹಿಡಿಗೆ ಸಿಕ್ಕಿಸಿಕೊಳ್ಳುತ್ತಾನೆ. ಮೊದಲ ಸಂಚಿಕೆಯಲ್ಲೇ ಆ ಕೊಡಲಿ ಕೆಲಸ ಮಾಡುತ್ತದೆ, ರಕ್ತವೂ ಹರಿಯುತ್ತದೆ. ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಈ ಪುಸ್ತಕವನ್ನು ಮೇಲಿನ ಶೆಲ್ಫಿನಲ್ಲಿಡಿ, ಅವರಿಗಲ್ಲ ಇದು.

ಬಿಡಿ ಸಂಚಿಕೆಯಲ್ಲಿ ಓದಲು ಇದಕ್ಕಿಂತ ಚೆನ್ನಾದ ಸರಣಿ ಸದ್ಯಕ್ಕೆ ಇಲ್ಲ. ಒಂದೊಂದು ಸಂಚಿಕೆಯೂ ಹೊಟ್ಟೆ ತುಂಬ ಬಡಿಸುತ್ತದೆ, ಕೊನೆಯ ಪುಟದಲ್ಲಿ ಒಂದು ಗುದ್ದು ಕೊಟ್ಟೇ ಕಳಿಸುತ್ತದೆ. ಸ್ನೈಡರ್ ಮಾತು ಜಾಸ್ತಿ ಬರೆಯುತ್ತಾರೆ. ಚೌಕದ ಮೂಲೆಮೂಲೆಯಲ್ಲೂ ಬ್ರೂಸನ ಯೋಚನೆ. ಸಂಪುಟದಲ್ಲಿ ಒಟ್ಟಿಗೆ ಓದಿದಾಗ ಅದು ಆಯಾಸ ತರುತ್ತದೆ, ತಿಂಗಳಿಗೊಂದಾದರೆ ಗೊತ್ತೇ ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು

ಎರಡೂ ಕಂಪನಿಗಳ ಈ ಹೊಸ ಸಾಲಿನಲ್ಲಿ ನಾನು ಎಲ್ಲರ ಮುಂದೆ ಎತ್ತಿ ಹಿಡಿಯುವುದು ಕೆಲ್ಲಿ ಥಾಂಪ್ಸನ್ ಬರೆದು ಹೇಡನ್ ಶರ್ಮನ್ ಚಿತ್ರ ಮಾಡಿದ 'ಅಬ್ಸಲ್ಯೂಟ್ ವಂಡರ್ ವುಮನ್'. ಆ ರಾತ್ರಿ ಫೋನಿನಲ್ಲಿ ಹೇಳಿದ ಹೆಸರೂ ಇದೇ.

ಹಳೆಯ ಕಥೆಯಲ್ಲಿ ಡಯಾನಾ ಅಮೆಜಾನ್ ಹೆಣ್ಣುಗಳ ದ್ವೀಪದ ರಾಜಕುಮಾರಿ. ಇಲ್ಲಿ ಹಸುಗೂಸಾಗಿದ್ದಾಗಲೇ ಅವಳನ್ನು ತಂದು ನರಕದಲ್ಲಿ, ಸರ್ಸಿ ಎಂಬ ಮಾಟಗಾತಿಯ ಕೈಗೆ ಹಾಕುತ್ತಾರೆ. ಸರ್ಸಿ ಅಲ್ಲಿ ಶಾಪಗ್ರಸ್ತಳಾಗಿ ಒಂಟಿಯಾಗಿರುವವಳು. ಮಗು ಬೇಕೆಂದು ಅವಳೇನೂ ಕೇಳಿರಲಿಲ್ಲ. 'ಅಮೆಜಾನ್' ಎಂಬ ಪದವನ್ನೇ ಮಗುವಿನ ಕಿವಿಗೆ ಹಾಕಕೂಡದು ಎಂಬ ಕಟ್ಟಪ್ಪಣೆ ಬೇರೆ. ಆಮೇಲೆ ಏನಾಗುತ್ತದೆ ಎಂಬುದನ್ನು ಥಾಂಪ್ಸನ್ ಅವಸರವಿಲ್ಲದೆ ಹೇಳುತ್ತಾರೆ. ಬೇಡದ ಮಗು ಬೇಕಾದ ಮಗುವಾಗುವುದು, ಮಾಟಗಾತಿ ಅಮ್ಮನಾಗುವುದು.

ಹೆತ್ತವಳು ದೇವಕಿ, ಸಾಕಿದವಳು ಯಶೋದೆ ಎಂದು ಕೇಳಿ ಬೆಳೆದ ನಮಗೆ ಈ ಕಥೆಯ ಕೀಲು ಎಲ್ಲಿದೆ ಎಂದು ಯಾರೂ ತೋರಿಸಬೇಕಿಲ್ಲ. ನಾನು ಮೊದಲ ಸಂಚಿಕೆ ಮುಗಿಸಿದ್ದು ಬಸ್ಸಿನಲ್ಲಿ. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ. ಕೊನೆಯ ಪುಟದಿಂದ ಮತ್ತೆ ಹಿಂದಕ್ಕೆ ಹೋಗಿ, ದೊಡ್ಡವಳಾದ ಡಯಾನಾ ಬೆನ್ನ ಮೇಲೆ ತನ್ನಷ್ಟೇ ಉದ್ದದ ಕತ್ತಿ ಹೊತ್ತು, ಬರೀ ಮೂಳೆಗಳ ರೆಕ್ಕೆಯ ಕುದುರೆಯ ಮೇಲೆ ಊರಿಗೆ ಬರುವ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಮೊದಲ ಸಲ ನೋಡಿದಾಗ ಭಯ ಹುಟ್ಟಿಸಿದ ಅದೇ ಮುಖದಲ್ಲಿ ಎರಡನೇ ಸಲ ದಯೆ ಕಂಡಿತು. ನರಕದಲ್ಲಿ ಬೆಳೆದವಳು ಕ್ರೂರಿಯಾಗಬೇಕಿತ್ತಲ್ಲ? ಆಗಲಿಲ್ಲ, ಯಾಕೆಂದರೆ ಅಲ್ಲೊಬ್ಬಳು ಅವಳಿಗೆ ಉಣಿಸಿ ಮಲಗಿಸಿದಳು.

ಶರ್ಮನ್ ಪುಟ ಕಟ್ಟುವ ರೀತಿ ಬೇರೆಯವರಂತಲ್ಲ. ಚೌಕಗಳು ಚೌಕವಾಗಿರುವುದು ಕಡಿಮೆ. ರಾಕ್ಷಸ ಬಂದರೆ ಅದರ ಮೈಯ ಸುತ್ತ ಉಳಿದ ಚಿತ್ರಗಳು ಒತ್ತರಿಸಿಕೊಂಡು ಕೂರುತ್ತವೆ. ಜೋರ್ಡಿ ಬೆಲ್ಲೇರ್ ಹಾಕಿರುವ ಕೆಂಪು ಒಂದೇ ಕೆಂಪಲ್ಲ, ನರಕದ್ದು ಒಂದು, ಬೆಂಕಿಯದು ಇನ್ನೊಂದು. ಇದನ್ನು ಬಿಡಿ ಸಂಚಿಕೆಯಲ್ಲಿ ಓದಿ, ಸಂಪುಟದಲ್ಲಿ ಓದಿ, ಎರಡರಲ್ಲೂ ಮೋಸವಿಲ್ಲ. ಹದಿಮೂರು ದಾಟಿದ ಮಕ್ಕಳಿಗೂ ಕೊಡಬಹುದು. ರಾಕ್ಷಸರಿದ್ದಾರೆ, ಯುದ್ಧವಿದೆ, ಆದರೆ ನಮ್ಮ ಪುರಾಣಗಳಲ್ಲಿ ಇಲ್ಲದ್ದೇನಲ್ಲ.

ಉಳಿದವುಗಳಲ್ಲಿ ಬೇಗ ಬೇಗ

'ಅಬ್ಸಲ್ಯೂಟ್ ಸೂಪರ್‌ಮ್ಯಾನ್' ಜೇಸನ್ ಆರನ್ ಬರೆದದ್ದು, ಚಿತ್ರ ರಾಫಾ ಸಾಂಡೊವಲ್. ಇಲ್ಲಿ ಕ್ರಿಪ್ಟನ್ ಗ್ರಹದಲ್ಲೂ ಮೇಲು ಕೀಳು ಇದೆ, ಸೂಪರ್‌ಮ್ಯಾನ್‌ನ ಅಪ್ಪ ಅಮ್ಮ ದುಡಿಯುವ ವರ್ಗದವರು. ಭೂಮಿಯಲ್ಲಿ ಅವನು ಗಣಿ ಕೂಲಿಗಳ ನಡುವೆ ಬದುಕುತ್ತಾನೆ. ವಸ್ತು ಗಟ್ಟಿಯಾಗಿದೆ. ಕಥೆ ಆಗಿನದು ಈಗಿನದು ಎಂದು ಎರಡು ಕಾಲದಲ್ಲಿ ಓಡಾಡುವುದರಿಂದ ತಿಂಗಳಿಗೊಂದು ಓದಿದರೆ ಎಳೆ ತಪ್ಪುತ್ತದೆ. ಸಂಪುಟದಲ್ಲೇ ಓದಿ.

'ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್' 2025ರ ಮಾರ್ಚಿನಲ್ಲಿ ಶುರುವಾಯಿತು. ಬರೆದವರು ಡೆನಿಜ್ ಕ್ಯಾಂಪ್, ಚಿತ್ರ ಹವಿಯೆರ್ ರೊಡ್ರಿಗಸ್. ಬಾಂಬ್ ಸ್ಫೋಟದಲ್ಲಿ ಬದುಕುಳಿದ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿಯೊಬ್ಬನಿಗೆ ಜನರ ಮನಸ್ಸಿನಲ್ಲಿರುವುದು ಬಣ್ಣಬಣ್ಣದ ಹೊಗೆಯಾಗಿ ಕಾಣತೊಡಗುತ್ತದೆ. ಸೂಪರ್ ಹೀರೊ ಎಂದರೆ ಆಗದವರು, ಚಿತ್ರಕಲೆ ಕಲಿತವರು, ವಿನ್ಯಾಸದ ಕೆಲಸ ಮಾಡುವವರು ಮೊದಲು ಇದನ್ನೇ ತೆಗೆದುಕೊಳ್ಳಿ. ಕಾಗದದಲ್ಲೇ ನೋಡಬೇಕು ಈ ಬಣ್ಣಗಳನ್ನು.

ಅದೇ ಡೆನಿಜ್ ಕ್ಯಾಂಪ್ ಮಾರ್ವೆಲ್‌ಗೆ 'ದಿ ಅಲ್ಟಿಮೇಟ್ಸ್' ಬರೆದಿದ್ದಾರೆ. ಕಾಮಿಕ್ಸ್ ಕೊಳ್ಳುವವರಿಗೆ ನಾನು ಪದೇ ಪದೇ ಹೇಳುವುದು ಇದನ್ನೇ: ಪಾತ್ರದ ಹಿಂದೆ ಹೋಗಬೇಡಿ, ಬರೆದವರ ಹಿಂದೆ, ಚಿತ್ರಕಾರರ ಹಿಂದೆ ಹೋಗಿ. ಬ್ಯಾಟ್‌ಮ್ಯಾನ್ ಹೆಸರಿನಲ್ಲಿ ತಿಂಗಳಿಗೆ ಎಷ್ಟೋ ಪುಸ್ತಕ ಬರುತ್ತವೆ, ಎಲ್ಲವೂ ಒಂದೇ ತೂಕದವಲ್ಲ. 'ದಿ ಅಲ್ಟಿಮೇಟ್ಸ್' ಮಾತ್ರ ಆ ಜಗತ್ತಿನ ರಾಜಕೀಯವನ್ನೆಲ್ಲ ಹೊತ್ತುಕೊಂಡಿದೆ, ಮೊದಲ ಓದಿಗೆ ಬೇಡ. ಪೀಚ್ ಮೊಮೊಕೊ ತಾವೇ ಬರೆದು ಚಿತ್ರ ಮಾಡಿದ 'ಅಲ್ಟಿಮೇಟ್ ಎಕ್ಸ್-ಮೆನ್' ಜಪಾನಿನ ಶಾಲಾ ಹುಡುಗಿ ಹಿಸಾಕೊಳ ಕಥೆ, ನೀರುಬಣ್ಣದಂಥ ಪುಟಗಳಲ್ಲಿ ದೆವ್ವದ ಕಥೆಯ ಮೌನ. ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದುವ ಹರೆಯದವರು ಮನೆಯಲ್ಲಿದ್ದರೆ ಅವರಿಗೆ.

ಮುಖವಾಡದವರೇ ಬೇಡ ಎನ್ನುವವರಿಗೆ 2012ರಲ್ಲಿ ಶುರುವಾದ 'ಸಾಗಾ' ಇದೆ. ಬ್ರಯನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ ಅವರದು. ಕಾದಾಡುವ ಎರಡು ಲೋಕಗಳ ಇಬ್ಬರು ಮದುವೆಯಾಗಿ, ಕೂಸನ್ನು ಎತ್ತಿಕೊಂಡು ಓಡಿಹೋಗುತ್ತಾರೆ. ಕಥೆ ಹೇಳುವವಳು ಆ ಕೂಸೇ, ದೊಡ್ಡವಳಾದ ಮೇಲೆ. 54ನೇ ಸಂಚಿಕೆಯ ನಂತರ 2018ರಲ್ಲಿ ನಿಂತು 2022ರ ಜನವರಿಯಲ್ಲಿ ಮತ್ತೆ ಶುರುವಾಯಿತು. ದೊಡ್ಡವರಿಗೆ ಮಾತ್ರ, ಮೊದಲ ಪುಟದಿಂದಲೇ.

ಅಂಗಡಿಯವರಿಗೆ ಮೊದಲೇ ಹೇಳಿಡಿ

ಅಮೆರಿಕದ ಕಾಮಿಕ್ಸ್ ಅಂಗಡಿಗಳ ವ್ಯವಹಾರ ನಮ್ಮ ಪತ್ರಿಕೆ ಏಜೆಂಟರದ್ದಕ್ಕಿಂತ ಬೇರೆ. ಇಲ್ಲಿ ಮಾರಾಟವಾಗದ ಪತ್ರಿಕೆ ವಾಪಸ್ ಹೋಗುತ್ತದೆ. ಅಲ್ಲಿ 1970ರ ದಶಕದಲ್ಲಿ ಬೆಳೆದ ಪದ್ಧತಿಯಲ್ಲಿ ಅಂಗಡಿಯವರು ತರಿಸಿದ ಪ್ರತಿ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಉಳಿದರೆ ನಷ್ಟ ಅವರದೇ. ಹಾಗಾಗಿ ಎಷ್ಟು ಬೇಕೋ ಅಷ್ಟೇ ತರಿಸುತ್ತಾರೆ, ಅದೂ ವಾರಗಟ್ಟಲೆ ಮುಂಚೆ ಎಣಿಸಿ ಹೇಳಬೇಕು. ಹೊಸ ಸರಣಿಯ ಎರಡನೇ ಮೂರನೇ ಸಂಚಿಕೆ ಸಿಗದೆ ಹೋಗುವುದು ಇದರಿಂದಲೇ. ಬೇಕಾದ ಸರಣಿಯ ಹೆಸರು ಕೊಟ್ಟರೆ ನಿಮ್ಮ ಹೆಸರಿನಲ್ಲಿ ಒಂದು ಪ್ರತಿ ಎತ್ತಿಡುತ್ತಾರೆ, ಇದಕ್ಕೆ ಪುಲ್ ಲಿಸ್ಟ್ ಎನ್ನುತ್ತಾರೆ. ನಿಮಗೂ ಅನುಕೂಲ, ಅವರಿಗೂ ಲೆಕ್ಕ ಸಿಗುತ್ತದೆ. ಎತ್ತಿಟ್ಟದ್ದನ್ನು ತಪ್ಪದೆ ಹೋಗಿ ಕೊಳ್ಳಿ.

ಹೊಸ ಸಂಚಿಕೆಗಳು ಅಂಗಡಿಗೆ ಬರುವುದು ಬುಧವಾರ, ದಿನದ ಗೊಂದಲ ಬೇಡ. 2020ರಲ್ಲಿ ಡಿಸಿ ತನ್ನ ದಿನವನ್ನು ಮಂಗಳವಾರಕ್ಕೆ ಬದಲಿಸಿಕೊಂಡಿತ್ತು, 2024ರಲ್ಲಿ ಮತ್ತೆ ಬುಧವಾರಕ್ಕೇ ಬಂತು.

ಬೇರೆ ಬೇರೆ ಮುಖಪುಟಗಳಿಗೆ ಮರುಳಾಗಬೇಡಿ. ಕಣ್ಣಿಗೆ ಹಿಡಿಸಿದ್ದು ಅದೇ ಬೆಲೆಗೆ ಸಿಕ್ಕರೆ ಸರಿ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. 'ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ಮೊದಲ ಸಂಚಿಕೆ ಹಲವು ಸಲ ಮರುಮುದ್ರಣವಾಗಿದೆ. ಮೊದಲ ಮುದ್ರಣಕ್ಕೆ ಸಂಗ್ರಹಕಾರರು ದುಬಾರಿ ಬೆಲೆ ಕೊಡುತ್ತಾರೆ. ಓದುವವರಿಗೆ ಆರನೇ ಮುದ್ರಣವೂ ಅಷ್ಟೇ ಚೆನ್ನ.

ಇಲ್ಲಿರುವ ನಮಗೆ

ಬಿಡಿ ಸಂಚಿಕೆಗಳು ನಮ್ಮಲ್ಲಿ ವಾರವಾರ ಸಿಗುವಂತಿಲ್ಲ. ತರಿಸಿಕೊಂಡರೂ ಸಾಗಣೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಒಂದು ಸಲ ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಸಂಚಿಕೆ ರಟ್ಟಿನ ಆಸರೆಯಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ, ನಡುವೆ ಮಡಿಸಿಕೊಂಡು ಬಂದಿತ್ತು. ಎರಡು ಪುಟ ಸೇರಿಸಿ ಬರೆದ ಚಿತ್ರದ ಮೇಲೇ ಆ ಮಡಿಕೆ. ಇಸ್ತ್ರಿಯಷ್ಟು ಭಾರದ ನಿಘಂಟು ಹೇರಿ ವಾರವಿಟ್ಟರೂ ಹೋಗಲಿಲ್ಲ. ಇಲ್ಲಿರುವವರು ಸಂಪುಟವನ್ನೇ ನೆಚ್ಚಿಕೊಳ್ಳಿ. ಬೆಂಗಳೂರಿನಲ್ಲಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಕಾಮಿಕ್ಸ್ ಕಪಾಟು ನೋಡದೆ ಬರಬೇಡಿ. ಯಾರೋ ಓದಿ ಕೊಟ್ಟುಹೋದ ಹಳೆಯ ಸಂಪುಟಗಳು ಅರ್ಧ ಬೆಲೆಗೆ ಸಿಗುವುದುಂಟು. ಕೊಳ್ಳುವ ಮುನ್ನ ಬೆನ್ನಿನ ಮೇಲೆ ಸಂಪುಟದ ಸಂಖ್ಯೆ ನೋಡಿಕೊಳ್ಳಿ, ಒಳಗೆ ಪುಟ ಬಿಚ್ಚಿಕೊಂಡಿದೆಯೇ ಎಂದು ಅಂಟನ್ನೂ ನೋಡಿ.

ತೆರೆಯ ಮೇಲೆ ಓದುವವರಿಗೆ ಮಾರ್ವೆಲ್ ಅನ್‌ಲಿಮಿಟೆಡ್ ಎಂಬ ಚಂದಾ ಆ್ಯಪ್ ಇದೆ. ಹೊಸ ಸಂಚಿಕೆ ಅಂಗಡಿಗೆ ಬಂದ ಸುಮಾರು ಮೂರು ತಿಂಗಳ ಮೇಲೆ ಅಲ್ಲಿಗೆ ಬರುತ್ತದೆ. ತಡವಾದರೇನು, ಅಲ್ಟಿಮೇಟ್ ಸಾಲನ್ನು ಪೂರ್ತಿ ಓದಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಟ್ಯಾಬ್ ಇದ್ದರೆ ಮಾತ್ರ ಹೋಗಿ. ಫೋನಿನಲ್ಲಿ ಚೌಕ ಚೌಕವಾಗಿ ಸರಿಸುತ್ತಾ ಓದಿದರೆ ಪುಟ ಎಂಬುದೇ ಮಾಯವಾಗುತ್ತದೆ, ಶರ್ಮನ್, ಕಪುಲೊ ಅವರು ಪಟ್ಟ ಶ್ರಮವೆಲ್ಲ ಅಲ್ಲೇ ಕಳೆದುಹೋಗುತ್ತದೆ.

ಹತ್ತರ ಒಳಗಿನ ಮಕ್ಕಳಿಗೆ ಮೇಲಿನ ಯಾವುದೂ ಬೇಡ. ಅಮರ ಚಿತ್ರಕಥೆ ಕನ್ನಡದಲ್ಲಿ ಕಂಡರೆ ಬಿಡಬೇಡಿ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ 'ಕೃಷ್ಣ' ಪುಸ್ತಕದ ಮೇಲೆ 11 ಎಂಬ ಸಂಖ್ಯೆ ಇರುವುದನ್ನು ನೋಡಿ ಚಿಕ್ಕಂದಿನಲ್ಲಿ ಮೊದಲ ಹತ್ತು ಎಲ್ಲಿ ಎಂದು ಹುಡುಕಿದವರಿದ್ದೀರಾ? ಆ ಹತ್ತು ಪಾಶ್ಚಾತ್ಯ ಅಜ್ಜಿಕಥೆಗಳಾಗಿದ್ದವು, ಅವು ಬಂದದ್ದು ಕನ್ನಡದಲ್ಲಿ.

ಅಕ್ಕನ ಮಗಳು ಆ ದಿನ ಮೊಣಕಾಲೂರಿ ಕೂತು ಕೆಳಗಿನ ಸಾಲಿನಿಂದ 'ಅಬ್ಸಲ್ಯೂಟ್ ವಂಡರ್ ವುಮನ್' ಮೊದಲ ಸಂಪುಟ ಎತ್ತಿಕೊಂಡಳು. ಭಾನುವಾರ ಮತ್ತೆ ಫೋನ್ ಬಂತು. ಸರ್ಸಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆವು. ಈಗ ಅಂಗಡಿಯಲ್ಲಿ ಅವಳ ಹೆಸರಿನಲ್ಲಿ ಎರಡು ಸರಣಿ ಎತ್ತಿಡುತ್ತಾರೆ, ವಂಡರ್ ವುಮನ್ ಒಂದು, ಬ್ಯಾಟ್‌ಮ್ಯಾನ್ ಒಂದು. ತಿಂಗಳಿಗೆ ಹತ್ತು ಡಾಲರ್ ಅಲ್ಲಿಗೆ. ಉಳಿದ ಹತ್ತನ್ನು ಒಂದು ತಿಂಗಳು ಕೂಡಿಟ್ಟು, ಮುಂದಿನ ತಿಂಗಳು ಸ್ಪೈಡರ್‌ಮ್ಯಾನ್ ಮೊದಲ ಸಂಪುಟ. ಓದಿಯಾದ ಮೇಲೆ ಡಿಸೆಂಬರಿನ ರಜೆಗೆ ಬರುವಾಗ ಅದನ್ನು ಮಾಮನಿಗೆ ತರಬೇಕು ಎಂದು ಒಪ್ಪಂದವಾಗಿದೆ.